ಗುಲಾಬಕ್ಕನ ಮನಿ ಹೆಣ್ಣಿಗೆ ಒಂದು ಖಾತೆ

ಮೊಮ್ಮಗಳು ಶ್ರಾವ್ಯ ಬ್ಯಾಂಕ್ ಪರೀಕ್ಷೆ ಪಾಸ್ ಮಾಡ್ತು. ಬರುವ ತಿಂಗಳು ಕೆಲಸಕ್ಕೆ ಸೇರುದು. ಮೊನ್ನೆ ಬಂದು ನನ್ನ ಪಕ್ಕ ಕೂಕಂಡು, "ಅಜ್ಜಿ, ನೀನ್ ಅಷ್ಟ್ ವರ್ಷ ಬ್ಯಾಂಕಂಗೆ ದುಡ್ದಿದ್ಯಲೆ, ಕೆಲ್ಸ ಹ್ಯಾಂಗಿರತ್ ಅಂತ ಒಂಚೂರ್ ಹೇಳ್" ಅಂತ ಕೇಳ್ತು. ನಾನು ಹೇಳುಕೆ ಹೊರಟೆ. ಎರಡು ಮಾತು ಆಗುವಷ್ಟರಲ್ಲಿ ಅದರ ಕಣ್ಣು ಫೋನಿನ ಮೇಲೆ. ಸರಿ, ಹಾಗಾದ್ರೆ ಆ ಫೋನಿನೊಳಗೇ ಹೊಕ್ಕಿ ಹೇಳ್ತೆ, ಆಗ ತಪ್ಪಿಸ್ಕೊಳ್ಳುಕೆ ಆತಿಲ್ಲೆ ಅಂದೆ.

ಫೋನಿನಲ್ಲಿ ಕನ್ನಡ ಬರೆಯುಕೆ ಕಲಿತು ಹೆಚ್ಚು ದಿನ ಆಗ್ಲಿಲ್ಲ. ಓಡುದು ಒಂದೇ ಬೆರಳು. ಒಂದು ಒತ್ತಕ್ಷರ ಹುಡುಕ್ತಾ ಕೂತು ಒಲೆ ಮೇಲಿದ್ದ ಗಂಜಿ ತಳ ಹಿಡಿತು. ಸೊಸೆ ಆ ಗಂಜಿಯನ್ನೇ ನನಗೆ ಬಡಿಸಿದ್ಲು. ಉಂಡೆ. ಬರೆಯುವವರು ಇದಕ್ಕೆಲ್ಲ ತಯಾರಿರ್ಬೇಕು.

ನನಗೆ ಯಾವಾಗ ಪ್ರಮೋಶನ್ ಆಯ್ತು, ನಿವೃತ್ತಿ ದಿವಸ ಯಾರು ಎಂತ ಭಾಷಣ ಮಾಡಿದ್ರು ಅಂತೆಲ್ಲ ಬರೆಯುದಿಲ್ಲ. ಆವತ್ತು ಹೊದಿಸಿದ ಶಾಲು ಈಗ ನಮ್ಮನೆ ಮಿಕ್ಸಿ ಹೊದ್ಕೊಂಡು ಕೂತಿದೆ. ಬರೆಯುದಾದ್ರೆ ಖಾತೆ ತೆರೆಯುವ ಟೇಬಲಿನ ಬಗ್ಗೆ ಬರೆಯಬೇಕು. ಬೈಂದೂರು, ಕುಂದಾಪುರ, ಬ್ರಹ್ಮಾವರ, ಸಾಲಿಗ್ರಾಮದ ಬದಿ ಅಂತ ನನ್ನನ್ನು ಎಲ್ಲಿಗೆ ಎತ್ತಿ ಹಾಕಿದ್ರೂ ಕಡೆಗೆ ನಾನು ಹೋಗಿ ಕೂತದ್ದು ಆ ಟೇಬಲಿನಲ್ಲೇ.

ಶ್ರಾವ್ಯ, ಈಗ ನಿಮಗೆ ಖಾತೆ ತೆರೆಯುದು ಅಂದ್ರೆ ಹೆಬ್ಬೆರಳು ಒತ್ತಿಸಿದ್ರೆ ಆಯ್ತು. ಹೆಸರು, ವಿಳಾಸ, ಫೋಟೋ ಎಲ್ಲ ತನ್ನಷ್ಟಕ್ಕೆ ಬಂದು ಕೂತ್ಕೊಳ್ತದೆ. ನಮಗೆ ಹಾಗಲ್ಲ. ಮೊದಲೇ ಖಾತೆ ಇದ್ದವರೊಬ್ಬರು ಬಂದು "ಇವರನ್ನು ನಾನು ಬಲ್ಲೆ" ಅಂತ ಪರಿಚಯದ ಸಹಿ ಹಾಕ್ಬೇಕು. ಇಷ್ಟು ರೂಲು. ರೂಲಿನಲ್ಲಿ ಇಲ್ಲದ ಒಂದು ಪ್ರಶ್ನೆ ನಾವು ಎಲ್ಲರ ಹತ್ರವೂ ಕೇಳ್ತಿದ್ದೆವು. "ಯಾರ್ ಮನಿ ಹೆಣ್ಣ್?" ಗಂಡಾದ್ರೆ "ಯಾರ್ ಮನಿ ಗಂಡ್?" ಈ ಪ್ರಶ್ನೆಗೆ ಉತ್ತರ ಬಂತು ಅಂದ್ರೆ ಅರ್ಧ ಕೆಲಸ ಮುಗಿತು. ಮನೆ ಗೊತ್ತಾಯ್ತು, ದಾರಿ ಗೊತ್ತಾಯ್ತು, ಅವರ ದೊಡ್ಡಮ್ಮನ ಮಗಳು ನಮ್ಮ ಅತ್ತಿಗೆಯ ಒಟ್ಟಿಗೆ ಓದಿದ್ದು ಅಂತಲೂ ಗೊತ್ತಾಯ್ತು. ಸರದಿಯಲ್ಲಿ ನಿಂತವರು ಬೈತಿದ್ರು, ಅದು ಬೇರೆ.

ಬೈಂದೂರಿನಲ್ಲಿದ್ದಾಗ, ತೊಂಬತ್ತೇಳೋ ತೊಂಬತ್ತೆಂಟೋ ಇರ್ಬೇಕು, ಆ ಬ್ರಾಂಚಿನಲ್ಲಿ ನಾಗರಾಜ ಅಂತ ಹೆಸರಿದ್ದವರು ರಾಶಿ ಜನ. ತಂದೆ ಹೆಸರು ನೋಡಿದ್ರೆ ಅದೂ ನಾಲ್ಕೈದು ಜನರದ್ದು ಒಂದೇ. ನಾನು ಉಪಾಯ ಮಾಡಿ ಪ್ರತಿಯೊಬ್ಬರ ಹೆಸರಿನ ಎದುರು ಪೆನ್ಸಿಲಿನಲ್ಲಿ ಸಣ್ಣ ಗುರುತು ಬರೆದಿಡ್ತಿದ್ದೆ. ಸೋಡಾ ನಾಗರಾಜ, ಲಾರಿ ನಾಗರಾಜ, ಸಿಟ್ಟಿನ ನಾಗರಾಜ. ಕೆಲವು ವರ್ಷ ಕಳೆದು ಕಂಪ್ಯೂಟರ್ ಬಂತು. ಹಳೇ ಪುಸ್ತಕ ನೋಡಿ ಹೆಸರು ಟೈಪ್ ಮಾಡುಕೆ ಊರು ಗೊತ್ತಿಲ್ಲದ ಹುಡುಗರು ಬಂದ್ರು. ಅವರು ಕಂಡದ್ದನ್ನೆಲ್ಲ ಹೊಡೆದ್ರು. ಪಾಸ್‌ಪುಸ್ತಕದಲ್ಲಿ 'ಶ್ರೀ ಸೋಡಾ ನಾಗರಾಜ' ಅಂತಲೇ ಅಚ್ಚಾಗಿ ಬಂತು. ಆಗ ನಾನು ಬೇರೆ ಬ್ರಾಂಚಿನಲ್ಲಿದ್ದೆ. ಬೈಂದೂರಿನ ಬ್ರಾಂಚಿನವರು ಫೋನ್ ಮಾಡಿ ಬೈದ್ರು. ಸರಿ ಮಾಡಿ ಕೊಡ್ತೇವೆ ಅಂದ್ರೆ ಸೋಡಾ ನಾಗರಾಜ ಒಪ್ಲಿಲ್ಲ ಅಂಬ್ರ್. "ಎಂತಕೆ ಮಾರಾಯ್ರೆ, ಇದೇ ಸಮ ಇತ್ತ್. ಬರೀ ನಾಗರಾಜ ಅಂದ್ರೆ ನಂಗೇ ಯಾರಂತ ಗೊತ್ತಾತಿಲ್ಲೆ" ಅಂದನಂತೆ. ಸಿಟ್ಟಿನ ನಾಗರಾಜ ಮಾತ್ರ ಬ್ಯಾಂಕಿಗೆ ಬಂದು ಕೌಂಟರ್ ಬಡಿದು ಗಲಾಟೆ ಮಾಡಿದ. ಹೆಸರು ಸುಳ್ಳು ಅಂತ ಯಾರಿಗೂ ಹೇಳುಕೆ ಬರ್ಲಿಲ್ಲ.

ಈಗ ನಾನು ಹೇಳುಕೆ ಹೊರಟದ್ದಕ್ಕೆ ಬರ್ತೆ.

ಎರಡು ಸಾವಿರ ಕಳೆದು ಐದಾರು ವರ್ಷ ಆಗಿತ್ತು. ನಾನಾಗ ಸಾಲಿಗ್ರಾಮದ ಬದಿಯ ಬ್ರಾಂಚಿನಲ್ಲಿ. ಹೈವೇ ಪಕ್ಕದಲ್ಲೇ ಬ್ಯಾಂಕು, ಬಸ್ಸು ಹೋದ್ರೆ ಸಾಕು ಮೇಜಿನ ಮೇಲಿನ ಕಾಗದ ಎಲ್ಲ ಎದ್ದು ನಿಲ್ತಿತ್ತು. ಮ್ಯಾನೇಜರು ಶೇಷಾದ್ರಿ ಸಾರ್, ಮೈಸೂರಿನವರು. ನಿವೃತ್ತಿಗೆ ಒಂದು ವರ್ಷ ಇತ್ತು. ಆ ಒಂದು ವರ್ಷವನ್ನು ಅವರು ತುಂಬಿದ ಕೊಡ ಹೊತ್ತವರ ಹಾಗೆ ನಡೀತಿದ್ರು. ಸ್ವಲ್ಪವೂ ತುಳುಕಬಾರದು. ಹೊಸದು ಎಂತದ್ದು ಬಂದ್ರೂ "ಉಡುಪಿಗೆ ಕಳ್ಸಿ" ಅನ್ನುದು. ಒಳ್ಳೇ ಮನುಷ್ಯ, ಹೆದರಿಕೆ ಮಾತ್ರ ಸ್ವಲ್ಪ ಜಾಸ್ತಿ. ನಮ್ಮ ಕುಂದಾಪ್ರ ಕನ್ನಡ ಅವರಿಗೆ ತಲೆಬುಡ ಅರ್ಥ ಆಗ್ತಿರ್ಲಿಲ್ಲ. ಯಾರಾದ್ರೂ ಜೋರಾಗಿ ಮಾತಾಡಿದ್ರೆ ಜಗಳ ಅಂತ ತಿಳಿದು ಒಳಗೆ ಹೋಗಿ ಬಾಗಿಲು ಹಾಕ್ಕೊಳ್ತಿದ್ರು. ಅದು ಜಗಳ ಅಲ್ಲ ಸಾರ್, ಕ್ಷೇಮ ಸಮಾಚಾರ ಕೇಳುದು ಅಂತ ನಾನು ಹೋಗಿ ಹೇಳ್ಬೇಕು.

ಒಂದು ದಿವಸ ಮಧ್ಯಾಹ್ನದ ಹೊತ್ತಿಗೆ ಮೀನು ಮಾರುವ ಗುಲಾಬಕ್ಕ ಬಂದ್ರು. ಕಡಲ ಬದಿಯಲ್ಲಿ ಮನೆ. ಗಂಡ ತೀರಿ ಹೋಗಿ ವರ್ಷಗಳಾಗಿತ್ತು. ಹೆಣ್ಣುಮಕ್ಕಳಿಬ್ಬರಿಗೂ ಮದುವೆ ಆಗಿತ್ತು, ಮಗ ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದ. ನಮ್ಮಲ್ಲಿ ಹಳೇ ಖಾತೆ ಅವರದ್ದು. ಅವರು ಕೊಟ್ಟ ನೋಟುಗಳನ್ನು ಕ್ಯಾಶಿಯರು ಫ್ಯಾನಿನ ಕೆಳಗೆ ಹರಡಿ ಒಣಗಿಸಿ ಆಮೇಲೆ ಎಣಿಸುದು. ಆವತ್ತು ಅವರ ಹಿಂದೆ ಒಂದು ಹೆಣ್ಣು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಬಿಳಿ ಮೈ, ಹುಲ್ಲಿನ ಬಣ್ಣದ ಜಡೆ, ಹತ್ತಿ ಸೀರೆ, ಕೈಯಲ್ಲಿ ಗುಲಾಬಕ್ಕನ ಮೀನಿನ ಬುಟ್ಟಿ.

"ಸುಮಿತ್ರಮ್ಮ, ಈ ಹೆಣ್ಣಿಗೊಂದ್ ಖಾತಿ ಮಾಡಿ ಕೊಡ್ಕಲೆ" ಅಂದ್ರು ಗುಲಾಬಕ್ಕ.

ನನಗೆ ಅಭ್ಯಾಸಬಲ. "ಯಾರ್ ಮನಿ ಹೆಣ್ಣ್ ಇದ್?" ಅಂತ ಕೇಳಿಯೇಬಿಟ್ಟೆ.

"ನಮ್ ಮನ್ಯಂಗಿಪ್ಪುದ್. ಮಾರ್ತಾ ಅಂತ ಹೆಸ್ರ್. ನಾವೆಲ್ಲ ಮಾರ್ತಕ್ಕ ಅಂಬುದ್."

ಆ ಹೆಣ್ಣು ಕೈ ಮುಗಿದು ನನ್ನೆದುರು ಬಗ್ಗಿ ನಿಂತು ಹೇಳ್ತು, "ತಾಯೇ, ಪೋಲೆಂಡ್ ಎಂಬ ದೇಶದಿಂದ ಆಗಮಿಸಿದವಳಾಗಿದ್ದೇನೆ. ನನ್ನ ಬಿನ್ನಹವನ್ನು ಲಾಲಿಸುವಂಥವರಾಗಿ. ಒಂದ್ ಖಾತಿ ಬೇಕಿತ್ತ್."

ಬ್ಯಾಂಕಿನಲ್ಲಿ ಎಲ್ಲರೂ ಪೆನ್ನು ಕೆಳಗಿಟ್ರು. ಆ ಹೆಣ್ಣು ಬಂದದ್ದು ಯಕ್ಷಗಾನ ಕಲಿಯುಕೆ. ಹಾಗಾಗಿ ಅದರ ಅರ್ಧ ಕನ್ನಡ ರಂಗಸ್ಥಳದ್ದು, ಇನ್ನರ್ಧ ಗುಲಾಬಕ್ಕನ ಅಡುಗೆಮನೆಯದ್ದು. ಮಧ್ಯದಲ್ಲಿ ನಾವು ಮಾತಾಡುವ ಕನ್ನಡ ಅದಕ್ಕೆ ಗೊತ್ತೇ ಇರ್ಲಿಲ್ಲ.

ಕೂರಿಸಿ ವಿಚಾರಿಸಿದೆ. ಹತ್ತಿರದ ತರಬೇತಿ ಕೇಂದ್ರದಲ್ಲಿ ಕುಣಿತ ಕಲಿಯುದು. ಬಂದ ಹೊಸತರಲ್ಲಿ ಅಲ್ಲಿಯ ಹಾಸ್ಟೆಲಿನಲ್ಲೇ ಇತ್ತಂತೆ, ಅದು ಗಂಡುಹುಡುಗರ ಹಾಸ್ಟೆಲು, ಹೆಚ್ಚು ದಿನ ಇಟ್ಕೊಳ್ಳುಕೆ ಅವರಿಗೂ ಕಷ್ಟ. ಒಂದು ದಿನ ಮೀನು ಪೇಟೆಯಲ್ಲಿ ಬಂಗುಡೆ ಹಿಡ್ಕೊಂಡು ಇದನ್ನು ಹೇಗೆ ಬೇಯಿಸುದು ಅಂತ ಗುಲಾಬಕ್ಕನ ಹತ್ರ ಕೇಳಿತಂತೆ. ಗುಲಾಬಕ್ಕ ಅದರ ಮುಖ ಕಂಡು, "ನೀನ್ ಬೇಯ್ಸುದ್ ಬ್ಯಾಡ, ಉಂಬುಕೆ ನಮ್ಮನಿಗೇ ಬಾ" ಅಂದ್ರಂತೆ. ಉಂಬುಕೆ ಹೋದ ಹೆಣ್ಣು ಆಮೇಲೆ ಅಲ್ಲೇ ಉಳಿತು.

ಈಗ ಕಷ್ಟ ಎಂತ ಅಂದ್ರೆ, ಅದರ ಖರ್ಚಿಗೆ ಪೋಲೆಂಡಿನ ಕಾಲೇಜಿನವರು ವಿದ್ಯಾರ್ಥಿವೇತನ ಕೊಡ್ತಿದ್ರು. ಇಲ್ಲಿಯದ್ದೇ ಬ್ಯಾಂಕಿನಲ್ಲಿ ಅದರದ್ದೇ ಹೆಸರಿನ ಖಾತೆ ಇದ್ರೆ ಮಾತ್ರ ಮುಂದಿನ ವರ್ಷದ್ದು ಬರುದು. ಆ ತಿಂಗಳೊಳಗೆ ಖಾತೆ ನಂಬ್ರ ಕಳಿಸದಿದ್ರೆ ವೇತನ ರದ್ದು, ಹೆಣ್ಣು ವಾಪಸ್ ಹೊರಡ್ಬೇಕು. ದೀಪಾವಳಿ ಕಳೆದ ಮೇಲೆ ಹವ್ಯಾಸಿ ತಂಡದವರು ಅದಕ್ಕೆ ಮೊದಲ ಸಲ ಪೂರ್ತಿ ಪ್ರಸಂಗದಲ್ಲಿ ಒಂದು ವೇಷ ಕೊಡ್ತೇವೆ ಅಂದಿದ್ರು. ಎರಡು ವರ್ಷ ಕಾಲು ಒಡೆದು ಕಲಿತದ್ದು ಅದಕ್ಕಾಗಿ. ಉಡುಪಿಗೆ ಹೋದ್ರೆ "ನೀವು ಇರುವ ಊರಿನಲ್ಲಿ ಮಾಡ್ಸಿ" ಅಂತ, ಕುಂದಾಪುರಕ್ಕೆ ಹೋದ್ರೆ "ಉಡುಪಿಯಲ್ಲಿ ಕೇಳಿ" ಅಂತ. ಬಸ್ಸಿನ ಕಂಡಕ್ಟರುಗಳಿಗೆಲ್ಲ ಅದರ ಗುರ್ತ ಆಗಿತ್ತು, ಖಾತೆ ಮಾತ್ರ ಆಗ್ಲಿಲ್ಲ.

ನಾನು ಶೇಷಾದ್ರಿ ಸಾರಿನ ಹತ್ರ ಹೋದೆ.

"ಫಾರಿನರ್ರಾ?" ಅಂತ ಅವರು ಕನ್ನಡಕ ತೆಗೆದ್ರು. "ರೀ ಸುಮಿತ್ರಾ, ಈ ಬ್ರಾಂಚಲ್ಲಿ ಇಲ್ಲೀವರೆಗೂ ಒಂದಾದ್ರೂ ಅಂಥಾ ಅಕೌಂಟ್ ಇದ್ಯೇನ್ರಿ?"

"ಇಲ್ಲ ಸಾರ್."

"ಮತ್ತೆ? ಉಡುಪಿಗೆ ಕಳ್ಸಿ."

"ಉಡುಪಿಯವ್ರೇ ಇಲ್ಲಿಗೆ ಕಳ್ಸಿದ್ದು ಸಾರ್."

ಅವರಿಗೆ ಬೇರೆ ದಾರಿ ಕಾಣಲಿಲ್ಲ. ದೊಡ್ಡ ಆಫೀಸಿಗೆ ಫೋನ್ ಮಾಡಿ ಕೇಳ್ತೇನೆ, ಅಷ್ಟರಲ್ಲಿ ಫೋಟೋ ತರ್ಲಿ ಅಂದ್ರು. ಹೊರಗೆ ಬಂದು ನಾನು ಗುಲಾಬಕ್ಕನ ಹತ್ರ, "ನಾಳೆ ಅದ್ರ್ ಎರಡ್ ಫೋಟೋ ತಕಂಡ್ ಬನ್ನಿ" ಅಂದೆ. ಎಂಥಾ ಫೋಟೋ ಅಂತ ಹೇಳ್ಲಿಲ್ಲ. ಹೇಳಬೇಕು ಅಂತ ಯಾರಿಗೆ ಗೊತ್ತಿತ್ತು.

ಮರುದಿನ ಗುಲಾಬಕ್ಕ ಕವರಿನೊಳಗೆ ಜೋಪಾನ ಮಾಡಿ ಎರಡು ಫೋಟೋ ತಂದ್ರು. ಪಾಸ್‌ಪೋರ್ಟ್ ಅಳತೆ ಸರಿ ಇತ್ತು, ಹಿಂದೆ ನೀಲಿ ಪರದೆಯೂ ಇತ್ತು. ಎದುರಿಗೆ ಮಾತ್ರ ಮುಖಕ್ಕೆಲ್ಲ ಬಣ್ಣ, ಹಣೆಗೆ ನಾಮ, ತಲೆಗೆ ಕೇದಗೆ ಮುಂದಲೆ, ಎದೆಕಟ್ಟು, ಭುಜಕೀರ್ತಿ, ಹುಬ್ಬು ಏರಿಸಿ ಯಾರನ್ನೋ ಯುದ್ಧಕ್ಕೆ ಕರೆಯುವ ನೋಟ. ಕೇಂದ್ರದ ವಾರ್ಷಿಕೋತ್ಸವದ ದಿವಸ ಬಾಲಗೋಪಾಲನ ವೇಷ ಹಾಕಿದಾಗ ಸ್ಟುಡಿಯೋದವರು ತೆಗೆದದ್ದು.

"ಗುಲಾಬಕ್ಕ, ಇದೆಂತದ್?" ಅಂದೆ.

"ಎಂತಕೆ, ಚಂದ ಬರ್ಲಿಲ್ಯಾ?"

"ಚಂದ ಇತ್ತ್. ಅದ್ರ್ ಬರೀ ಮುಖದ ಫೋಟೋ ಇಲ್ಯಾ?"

"ಇತ್ತ್. ಅದ್ರಂಗೆ ಬಿಳ್ಚಿಕಂಡಂಗೆ ಕಾಂತ್. ಬ್ಯಾಂಕಿಗ್ ಕೊಡುದಲ್ದಾ, ನಾಕ್ ಜನ ಕಾಂಬುದಲ್ದಾ ಅಂದೇಳಿ ನಾನೇ ಸ್ಟುಡಿಯೋದವನತ್ರ ಹೇಳಿ ಇದ್ನ ಸಣ್ಣ ಮಾಡ್ಸಿದ್ದ್."

ನಾನು ನಗು ತಡ್ಕೊಂಡು ಅದನ್ನು ಹಾಗೇ ಶೇಷಾದ್ರಿ ಸಾರಿನ ಮೇಜಿನ ಮೇಲಿಟ್ಟೆ. ಬೇಕಂತಲೇ ಇಟ್ಟದ್ದು, ಸುಳ್ಳು ಎಂತಕೆ ಹೇಳುದು. ಅವರು ತುಂಬ ಹೊತ್ತು ನೋಡಿದ್ರು.

"ಇವ್ರಾ ಕಸ್ಟಮರ್?"

"ಹೌದು ಸಾರ್."

"ದುಡ್ಡು ತೆಗೆಯೋಕೆ ಬಂದಾಗ ಹೀಗೇ ಬರ್ತಾರೇನ್ರಿ? ಫೋಟೋಗೆ ಹೊಂದ್ಬೇಕಲ್ಲ."

ಶೇಷಾದ್ರಿ ಸಾರ್ ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಬರೀ ಮುಖದ ಫೋಟೋ ತರಿಸಿದ್ದಾಯ್ತು. ಬಣ್ಣದ ಫೋಟೋ ಒಂದನ್ನು ಅವರು ವಾಪಸ್ ಕೊಡ್ಲಿಲ್ಲ. ಮೇಜಿನ ಗಾಜಿನ ಅಡಿಯಲ್ಲಿ, ಬಡ್ಡಿ ದರದ ಪಟ್ಟಿಯ ಪಕ್ಕದಲ್ಲಿ ಇಟ್ಕೊಂಡ್ರು.

ದೊಡ್ಡ ಆಫೀಸಿನವರು ಮಾಡಬಹುದು ಅಂದ್ರು. ಪಾಸ್‌ಪೋರ್ಟು, ವೀಸಾ, ಪೊಲೀಸರ ಹತ್ರ ನೋಂದಣಿ ಮಾಡಿಸಿದ್ದು, ಹಳೇ ಗ್ರಾಹಕರ ಪರಿಚಯದ ಸಹಿ, ಮತ್ತೆ ಈಗ ಇರುವ ಮನೆಯ ವಿಳಾಸಕ್ಕೆ ಆಧಾರ. ಎಲ್ಲ ಇತ್ತು, ಕಡೆಯದ್ದು ಇರ್ಲಿಲ್ಲ. ಪೊಲೀಸರ ಕಾಗದದಲ್ಲಿ ಹಳೇ ಹಾಸ್ಟೆಲಿನ ವಿಳಾಸ. ಅದನ್ನು ಬದಲಿಸುಕೂ ಮನೆ ಯಜಮಾನಿಯ ಕಾಗದ ಬೇಕು. ಬಾಡಿಗೆ ಚೀಟಿ ಒಂದು ಬರೆದು ಸಹಿ ಮಾಡಿದ್ರೆ ಮುಗಿತು, ಎಷ್ಟು ಹೊತ್ತಿನ ಕೆಲಸ ಅಂತ ನಾನು ಗುಲಾಬಕ್ಕನಿಗೆ ಹೇಳಿದೆ.

ಗುಲಾಬಕ್ಕನ ಮುಖ ಅಲ್ಲೇ ಸಣ್ಣ ಆಯ್ತು.

"ಬಾಡ್ಗಿಯಾ? ಉಂಬುಕ್ ಕರ್ದ್ ಹೆಣ್ಣಿನತ್ರ ಯಾರಾರೂ ಬಾಡ್ಗಿ ತಕಂತ್ರಾ?"

"ತಕಣ್ಕಂತಿಲ್ಲೆ. ಬರೀ ಕಾಗ್ದಕ್ಕೆ."

"ಕಾಗ್ದ ಕೊಡುಕಾತಿಲ್ಲೆ ಸುಮಿತ್ರಮ್ಮ."

"ಎಂತಕೆ?"

ಅವರು ದನಿ ತಗ್ಗಿಸಿದ್ರು. "ನಮ್ ಜಾಗ ನಮ್ಗ್ ಹ್ಯಾಂಗ್ ಬಂದದ್ ಗೊತ್ತಿತ್ತಲೆ. ಮೊದ್ಲ್ ಅದ್ ಧಣಿಗಳ್ದ್. ನಮ್ಮಬ್ಬಿ ಗೇಣಿ ಕೊಡ್ತಿದ್ದಿತ್. ಡಿಕ್ಲರೇಶನ್ ಬಂತ್, ಗೇಣಿ ಕೊಟ್ಟ್ ಚೀಟಿ ತೋರ್ಸ್ತ್, ಜಾಗ ನಮ್ದಾಯ್ತ್. ಧಣಿಗಳ್ ಒಂದ್ ಚೀಟಿ ಬರ್ದ್ ಕೊಟ್ಟದ್ದಕ್ಕೆ ಜಾಗ ಹೋಯ್ತ್. ಈಗ ನಾನೇ ಕೈಯಾರೆ ಚೀಟಿ ಬರ್ದ್ ಕೊಡುದಾ?"

ಡಿಕ್ಲರೇಶನ್ ಅಂದ್ರೆ ಶ್ರಾವ್ಯ, ಉಳುವವನಿಗೇ ಭೂಮಿ ಅಂತ ಕಾನೂನು ಬಂದಾಗ ಒಕ್ಕಲುಗಳು ಸರ್ಕಾರಕ್ಕೆ ಕೊಟ್ಟ ಅರ್ಜಿ. ನಮ್ಮೂರಲ್ಲಿ ಆ ಶಬ್ದ ಕೇಳಿದ್ರೆ ಅರ್ಧ ಜನರ ಮುಖ ಅರಳುದು, ಇನ್ನರ್ಧ ಜನರದ್ದು ಬಾಡುದು. ಪೋಲೆಂಡಿನ ಹೆಣ್ಣು ಡಿಕ್ಲರೇಶನ್ ಕೊಟ್ಟು ಕಡಲ ಬದಿಯ ಹಿತ್ಲು ಹೊಡೆಯುದಿಲ್ಲ ಅಂತ ನಾನು ಹೇಳಬಹುದಿತ್ತು. ಹೇಳಿದೆ ಕೂಡ. ಆದ್ರೆ ಹೆದರಿಕೆಗೆ ಅವರ ಅಬ್ಬಿಯ, ಅಂದ್ರೆ ಅಮ್ಮನ, ಅನುಭವ ಸಾಕ್ಷಿಗಿತ್ತು, ನನ್ನ ಮಾತಿಗೆ ಯಾವ ಸಾಕ್ಷಿಯೂ ಇರ್ಲಿಲ್ಲ. ಗುಲಾಬಕ್ಕ ಬುಟ್ಟಿ ಎತ್ಕೊಂಡು, ನನ್ನ ಮುಖ ನೋಡದೆ ಹೋದ್ರು.

ಮಾರ್ತಾ ಬಾಗಿಲ ಹತ್ರ ನಿಂತು ಎಲ್ಲ ಕೇಳಿತ್ತು.

ತಿಂಗಳು ಮುಗಿಯುಕೆ ಹೆಚ್ಚು ದಿನ ಉಳಿದಿರ್ಲಿಲ್ಲ. ಒಂದು ಬೆಳಿಗ್ಗೆ ಬ್ಯಾಂಕ್ ಬಾಗಿಲು ತೆಗೆಯುವಾಗಲೇ ಅದು ಒಂದೇ ಬಂತು. ಈ ಸಲ ರಂಗಸ್ಥಳದ ಮಾತು ಒಂದೂ ಇಲ್ಲ.

"ಸುಮಿತ್ರಮ್ಮ, ಬೊಂಬಾಯಿ ಬಸ್ಸಿಗ್ ಟಿಕೆಟ್ ಎಲ್ಲ್ ಮಾಡುದ್?"

"ಎಂತಕೆ?"

"ಊರಿಗ್ ಹೋತೆ. ಗೆಜ್ಜಿ ಗುರುಗಳಿಗ್ ಕೊಟ್ಟ್ ಬಂದೆ. ಗುಲಾಬಕ್ಕ ರಾತ್ರಿ ನಿದ್ರಿ ಮಾಡ್ತಿಲ್ಲೆ. ನನ್ನಿಂದ ಅವ್ರಿಗ್ ಜಾಗದ್ ಹೆದ್ರಿಕಿ ಬಪ್ಪುದ್ ಬ್ಯಾಡ."

ಟಿಕೆಟ್ ಆಫೀಸು ತೆರೆಯುದು ತಡ ಅಂತ ಒಂದು ಸುಳ್ಳು ಹೇಳಿ ಅದನ್ನು ಕುರ್ಚಿಯಲ್ಲಿ ಕೂರಿಸಿದೆ. ತಿರುಗಿ ನೋಡಿದ್ರೆ ಶೇಷಾದ್ರಿ ಸಾರ್ ತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದಾರೆ. ಕುಂದಾಪ್ರ ಕನ್ನಡ ಅರ್ಥ ಆಗದ ಮನುಷ್ಯನಿಗೆ ಇದು ಪೂರ್ತಿ ಅರ್ಥ ಆಗಿತ್ತು.

"ಟಿಕೆಟ್ ನಾಳೆ ಮಾಡ್ಸಿದ್ರಾಗತ್ತಮ್ಮ" ಅಂತ ಅದಕ್ಕೆ ಹೇಳಿ, ನನ್ನ ಕಡೆ ತಿರುಗಿ, "ರೀ ಸುಮಿತ್ರಾ, ಸಂಜೆ ಅವ್ರ ಮನೆ ಹತ್ರ ಹೋಗಿ ಬರೋಣ. ಮನೇನ ಮ್ಯಾನೇಜರ್ ಖುದ್ದು ನೋಡಿದ್ರೆ ಅದೂ ಒಂದು ಆಧಾರ ತಾನೆ" ಅಂದ್ರು.

ರಿಕ್ಷಾ ಡಾಂಬರು ಮುಗಿಯುವಲ್ಲಿಯವರೆಗೆ ಹೋಯ್ತು, ಆಮೇಲೆ ಹೊಯ್ಗೆಯಲ್ಲಿ, ಕಡಲ ಮರಳಿನಲ್ಲಿ, ನಡೆಯುದು. ಸಾರಿನ ಪಾಲಿಶ್ ಮಾಡಿದ ಬೂಟಿನೊಳಗೆಲ್ಲ ಹೊಯ್ಗೆ. ಇಕ್ಕೆಲದಲ್ಲಿ ಮೀನು ಒಣ ಹಾಕಿದ್ರು. ಜನ್ಮದಲ್ಲಿ ಮೀನು ಮುಟ್ಟದ ಮನುಷ್ಯ, ಮೂಗಿಗೆ ಕರ್ಚೀಪು ಒತ್ಕೊಂಡು ನನ್ನ ಹಿಂದೆ ಬರ್ತಿದ್ರು. ದಾರಿಯಲ್ಲಿ ಒಬ್ಬರು ಬಲೆ ಹೊಲೀತಾ ಕೂತಿದ್ರು. ಸಾರ್ ಅವರ ಹತ್ರ ನಿಂತು, "ಇಲ್ಲಿ ವಿದೇಶದ ಹೆಂಗಸೊಬ್ರು ಇದ್ದಾರಂತಲ್ಲ, ಯಾವ ಮನೆ?" ಅಂತ ಕೇಳಿದ್ರು.

"ವಿದೇಶದವ್ರಾ? ಇಲ್ಲೆಲ್ಲ್ ಇದ್ರ್ ಮಾರಾಯ್ರೆ. ನಿಮ್ಗ್ಯಾರೋ ತಪ್ಪ್ ಹೇಳಿದ್ದ್."

"ಬೆಳ್ಳಗೆ, ಎತ್ತರಕ್ಕೆ ಇರ್ತಾರೆ. ಯಕ್ಷಗಾನ ಕಲೀತಾರಂತೆ."

"ಓ, ಮಾರ್ತಕ್ಕನಾ? ಹಾಂಗ್ ಕೇಣಿ. ಅದ್ ವಿದೇಶದ್ದ್ ಎಂತಕೆ, ಗುಲಾಬಕ್ಕನ ಮನಿ ಹೆಣ್ಣಲ್ದಾ. ಆ ತೆಂಗಿನ್ ಮರದತ್ರ ಕಾಣಿ."

ಸಾರ್ ನನ್ನ ಮುಖ ನೋಡಿದ್ರು. ದಿನಾ ನಾನು ಕೇಳುವ ಪ್ರಶ್ನೆಗೆ ಯಾರೂ ಕೇಳದೆಯೇ ಉತ್ತರ ಬಂದಿತ್ತು.

ತೆಂಗಿನ ಮರದ ಹತ್ರ ಮಾರ್ತಾ ಸೀರೆ ಎತ್ತಿ ಕಟ್ಟಿ, ಕೋಲು ಹಿಡಿದು, ಒಣ ಹಾಕಿದ ಮೀನಿನ ಮೇಲೆ ಕೂರುಕೆ ಬರುವ ಕಾಗೆಗಳಿಗೆ ಬೈತಾ ಇತ್ತು. "ಎಲೈ ದುರುಳನೇ, ಹೋ ಅತ್ಲಾಗ್, ನಿನ್ ಹೊಟ್ಟಿಗ್ ಬೆಂಕಿ ಹಾಕ." ಸಾರ್ ಕರ್ಚೀಪು ತೆಗೆದು ನಕ್ಕರು.

ಗುಲಾಬಕ್ಕ ಹೊರಗೆ ಬಂದವರೇ ಗಾಬರಿಯಾದ್ರು. ಮ್ಯಾನೇಜರು ಮನೆಗೆ ಬರುದು ಅಂದ್ರೆ ಸಾಲ ವಸೂಲಿಗೆ ಮಾತ್ರ ಅಂತ ಊರಿನ ಲೆಕ್ಕ. "ನಂಗ್ ಸಾಲ ಇಲ್ಯಲೆ ಸುಮಿತ್ರಮ್ಮ" ಅಂದ್ರು. ಅಲ್ಲ, ಬರೀ ಮನೆ ನೋಡುಕೆ ಬಂದದ್ದು ಅಂದೆ. ಆಗ ಸಮಾಧಾನ ಆಗಿ ಸಿಯಾಳ ಕೊಚ್ಚಿ ತಂದು, "ಸಾರಿಗ್ ಇದಡ್ಡಿಲ್ಲೆ ಅಲ್ದಾ, ಇದ್ರಂಗ್ ಮೀನ್ ಇಲ್ಲೆ" ಅಂತ ಕೊಟ್ರು.

ಸಾರ್ ಜಗಲಿಯಲ್ಲಿ ಕೂತು ಸಿಯಾಳ ಕುಡಿದು ನಿಧಾನಕ್ಕೆ ಹೇಳಿದ್ರು, "ನೋಡಮ್ಮಾ, ಬಾಡಿಗೆ ಅನ್ನೋ ಪದಾನೇ ಬೇಡ. ಈಕೆ ನಮ್ಮನೇಲಿ ಇದ್ದಾಳೆ ಅಂತ ಮಾತ್ರ ಬರೆಯೋಣ. ಬಾಡಿಗೆ ಇಲ್ಲದೋರು ಒಕ್ಕಲಾಗಲ್ಲ. ನಾನೇ ಬರೀತೀನಿ, ನೀವು ಓದಿಸ್ಕೊಂಡು ಸಹಿ ಹಾಕಿ."

ಗುಲಾಬಕ್ಕ ಯೋಚನೆ ಮಾಡಿದ್ರು. "ಇದ್ದ್ ಅಂದ್ರೆ, ಎಂತ ಆಯ್ಕ್ ಅಂತ ಇದ್ದದ್?"

"ಅಂದ್ರೆ?"

"ಬಾಡ್ಗಿಯವ್ರಲ್ದಿದ್ರೆ ಎಂತಾರೂ ಸಂಬಂಧ ಬರೀಕಲ್ದಾ. ಹಾಂಗೇ ಒಂದ್ ಹೆಣ್ಣ್ ನಮ್ಮನಿಯಂಗ್ ಎಂತಕೆ ಇತ್ತ್ ಅಂತ ನಾಳಿ ಯಾರಾರೂ ಕೇಂಡ್ರೆ?"

ಮಾತು ನ್ಯಾಯವೇ. ಸಾರ್ ಪೆನ್ನು ಹಿಡಿದು, "ನೆಂಟರು ಅಂತ ಬರೀಲಾ?" ಅಂದ್ರು.

"ನೆಂಟ್ರ್ ಎರಡ್ ದಿನ ಇದ್ದ್ ಹೋತ್ರ್. ಇದ್ ನಮ್ಮ ಮಳ್ಗಾಲ ಪೂರಾ ಕಂಡಿತ್ತ್."

"ಸೊಸೆ?" ಅಂದೆ ನಾನು, ಕಿತಾಪತಿಗೆ.

"ನಿಮ್ಗ್ ಮರ್ಲಾ. ನನ್ ಮಗ ಬೊಂಬಾಯಂಗೆ ಹೆದ್ರಿ ಸಾಯ್ತ" ಅಂದ್ರು. ಮಾರ್ತಾ ಕೋಲು ಬಿಟ್ಟು ನಗುಕೆ ಶುರು ಮಾಡ್ತು. ಕಾಗೆಗಳಿಗೆ ಹಬ್ಬ.

"ಹಾಗಾದ್ರೆ ಮಗಳು ಅಂತ ಬರೀರಿ ಅಂತೀರೇನು?" ಅಂದ್ರು ಸಾರ್, ತಮಾಷೆಗೇ.

ಗುಲಾಬಕ್ಕ ನಗ್ಲಿಲ್ಲ. ಸಾರಿಗೆ ಗೊತ್ತಿರ್ಲಿಲ್ಲ, ಆ ಮನೆತನದಲ್ಲಿ ಜಾಗ ಹೋಗುದೇ ಹೆಣ್ಣುಮಕ್ಕಳ ಕೈಗೆ. ಅಬ್ಬಿಯಿಂದ ಗುಲಾಬಕ್ಕನಿಗೆ ಬಂದದ್ದೂ ಹಾಗೇ. ಬಾಡಿಗೆಯವಳು ಅಂದ್ರೆ ಒಂದು ಹೆದರಿಕೆ, ಮಗಳು ಅಂದ್ರೆ ಪೂರ್ತಿ ಪಾಲು. ನಾನು ಅವರ ಕಿವಿ ಹತ್ರ, "ಬ್ಯಾಡ ಗುಲಾಬಕ್ಕ, ಬೇರೆ ಎಂತಾರೂ ಕಾಂಬ" ಅಂದೆ.

ಅವರು ಅಂಗಳದ ಕಡೆ ನೋಡಿದ್ರು. ಮಾರ್ತಾ ನಗುದು ನಿಲ್ಲಿಸಿತ್ತು. ಅದರ ಚೀಲ, ಕಟ್ಟಿ ತಯಾರಾಗಿದ್ದದ್ದು, ಜಗಲಿಯ ಮೂಲೆಯಲ್ಲಿತ್ತು. ಗುಲಾಬಕ್ಕನ ಕಣ್ಣು ಆ ಚೀಲದ ಮೇಲೆ ಹೋಯ್ತು.

"ಮಗಳ್ ಅಂತ್ಲೇ ಬರೀರಿ" ಅಂದ್ರು. "ಪಾಲ್ ಕೇಂಡ್ರೆ ಆಗ ಕಾಂಬ. ಜಾಗ ಎಲ್ಲ್ ಹೋತ್ತ್, ಇಲ್ಲೇ ಇರತ್ತ್. ಹೋಪುದ್ ಹೆಣ್ಣಲ್ದಾ."

ಶೇಷಾದ್ರಿ ಸಾರಿನ ಪೆನ್ನು ಅಲ್ಲೇ ನಿಂತಿತು. ಆಮೇಲೆ ಅವರು ಬಹಳ ಮೆತ್ತಗೆ ಹೇಳಿದ್ರು, "ಹಾಗೆ ಬರೆಯೋಕಾಗಲ್ಲಮ್ಮ. ವೀಸಾ ಅರ್ಜೀಲಿ ಅವಳ ತಾಯಿ ಹೆಸರು ಬೇರೆ ಇರತ್ತಲ್ಲ."

"ಹೌದಲೆ. ಅವ್ರಿಗ್ ಬೇಜಾರಾತ್ತ್" ಅಂತ ಗುಲಾಬಕ್ಕ ಒಪ್ಪಿದ್ರು. ಪೋಲೆಂಡಿನ ತಾಯಿಗೆ ಬೇಜಾರಾಗುದು ಅವರಿಗೆ ಆ ಕ್ಷಣಕ್ಕೆ ದೊಡ್ಡ ವಿಷಯವಾಗಿ ಕಂಡಿತು. "ಹಾಂಗಾರೆ ನಮ್ ಪೈಕಿ ಅಂತ ಬರೀರಿ."

ಪೈಕಿ ಅಂದ್ರೆ ನಮ್ಮ ಕಡೆಯವರು, ನಮ್ಮವರಲ್ಲೊಬ್ಬರು. ಮದುವೆಗೆ ಕರೆಯುವಾಗ ಬಿಟ್ಟುಹೋಗಬಾರದ ಜನ. ಸಾರ್ ಬಿಳಿ ಹಾಳೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ, ಮಾರ್ತಾ ಎಂಬವರು ನಮ್ಮ ಮನೆಯ ಪೈಕಿಯವರಾಗಿ ನಮ್ಮೊಂದಿಗೆ ವಾಸವಾಗಿರುತ್ತಾರೆ ಅಂತ ಬರೆದ್ರು. ಕೆಳಗೆ, ಖುದ್ದಾಗಿ ಭೇಟಿ ಕೊಟ್ಟು ನೋಡಿ ಖಚಿತಪಡಿಸಿಕೊಂಡಿದ್ದೇನೆ ಅಂತ ತಮ್ಮ ಹೆಸರು ಹಾಕಿದ್ರು. ಗುಲಾಬಕ್ಕ ಕೈ ಒರೆಸ್ಕೊಂಡು ಸಹಿ ಮಾಡಿದ್ರು. ಅವರದ್ದು ಒಂದೊಂದು ಅಕ್ಷರಕ್ಕೆ ಉಸಿರು ಬಿಡುವ ಸಹಿ. ಕಾಗದಕ್ಕೆ ಸ್ವಲ್ಪ ಬಂಗುಡೆ ವಾಸನೆ ಬಂತು. ವಾಪಸ್ ಬರುವಾಗ ಸಾರ್ ಅದನ್ನು ಎದೆಯ ಕಿಸೆಯಲ್ಲೇ ಇಟ್ಕೊಂಡಿದ್ರು, ಕರ್ಚೀಪು ಇಡುವ ಜಾಗದಲ್ಲಿ.

ರಿಕ್ಷಾದಲ್ಲಿ ನಾನು ಕೇಳಿದೆ, "ಸಾರ್, ಮೇಲಿನವ್ರು ಪೈಕಿ ಅಂದ್ರೆ ಎಂತ ಅಂತ ಕೇಳಿದ್ರೆ?"

"ಕೇಳ್ಲಿ ಬಿಡ್ರಿ. ನಿವೃತ್ತಿಗೆ ಒಂದು ವರ್ಷ ಇದೆ. ಉತ್ತರ ಬರೆಯೋಕೆ ಟೈಮಿದೆ."

ಯಾರೂ ಕೇಳ್ಲಿಲ್ಲ. ಪೊಲೀಸರ ಹತ್ರ ವಿಳಾಸ ಬದಲಾಯ್ತು, ಖಾತೆಯೂ ಆಯ್ತು, ನಂಬ್ರ ಪೋಲೆಂಡಿಗೆ ಹೋಯ್ತು. ದೀಪಾವಳಿ ಕಳೆದ ಮೇಲೆ ಮಾರ್ತಾ ವೇಷ ಕಟ್ಟಿ ರಂಗಸ್ಥಳಕ್ಕೆ ಬಂದಾಗ ಬ್ಯಾಂಕಿನವರು ನಾವೆಲ್ಲ ಎದುರಿನ ಸಾಲಿನಲ್ಲಿ. ಶೇಷಾದ್ರಿ ಸಾರಿಗೆ ಪ್ರಸಂಗ ಅರ್ಥ ಆಗ್ಲಿಲ್ಲ. ಆದ್ರೂ ಪಕ್ಕದವರಿಗೆಲ್ಲ, "ಅದು ನಮ್ಮ ಬ್ರಾಂಚಿನ ಕಸ್ಟಮರ್" ಅಂತ ಹೇಳಿದ್ದೇ ಹೇಳಿದ್ದು. ನಿವೃತ್ತಿಯಾಗಿ ಹೋಗುವಾಗ ಮೇಜಿನ ಗಾಜು ಎತ್ತಿ ಆ ಬಣ್ಣದ ಫೋಟೋ ತಕೊಂಡು ಹೋದ್ರು. ಬಡ್ಡಿ ದರದ ಪಟ್ಟಿ ಬಿಟ್ಟು ಹೋದ್ರು.

ಮಾರ್ತಾ ಕಲಿತು ಮುಗಿಸಿ ಊರಿಗೆ ಹೊರಟಾಗ ಖಾತೆ ಮುಚ್ಚುದಾ ಅಂತ ನಾನು ಕೇಳಿದೆ. ಅದು ಉತ್ತರ ಹೇಳುವ ಮೊದಲೇ ಗುಲಾಬಕ್ಕ "ಮುಚ್ಚುದ್ ಎಂತಕೆ" ಅಂದ್ರು. ಆಮೇಲೆ ಪ್ರತಿ ತಿಂಗಳು ತಮ್ಮ ಹಣ ಕಟ್ಟುಕೆ ಬಂದಾಗ ಅದರ ಖಾತೆಗೂ ಒಂಚೂರು ಹಾಕ್ತಿದ್ರು. ವ್ಯವಹಾರ ಇಲ್ಲದಿದ್ರೆ ಖಾತೆ ನಿಂತುಹೋಗ್ತದೆ ಅಂತ ನಾನೇ ಎಂದೋ ಹೇಳಿದ್ದೆ, ಅದು ಅವರ ಮನಸ್ಸಿನಲ್ಲಿ ಉಳಿದಿತ್ತು. ವರ್ಷಗಳು ಹೋದ್ವು. ಗುಲಾಬಕ್ಕನಿಗೆ ಬುಟ್ಟಿ ಹೊರುಕೆ ಆಗ್ತಿರ್ಲಿಲ್ಲ. ಆದ್ರೂ ಬಂದು ಬೆಂಚಿನಲ್ಲಿ ಕೂತು, ಸೆರಗಿನ ಗಂಟು ಬಿಚ್ಚುದು.

ಒಂದ್ಸಲ ನನಗೆ ತಡೀಲಿಲ್ಲ. "ಗುಲಾಬಕ್ಕ, ಅದ್ ಇನ್ನ್ ಬತ್ತಿಲ್ಲೆ ಅಂದ್ರೆ?"

"ಬಪ್ಪುದ್ ಬಿಡುದ್ ಅದ್ರ್ ಇಷ್ಟ" ಅಂದ್ರು. "ಬಾಗ್ಲ್ ತೆಗ್ದಿಡುದ್ ನಮ್ದಲ್ದಾ."

ಅದು ಬಂತು. ನನ್ನ ಸರ್ವೀಸಿನ ಕಡೇ ವರ್ಷ. ಒಟ್ಟಿಗೆ ಗಂಡ, ಸೊಂಟದಲ್ಲಿ ಒಂದು ಹೆಣ್ಣುಮಗು. ನನ್ನ ಟೇಬಲಿನಲ್ಲಿ ಆಗ ನನ್ನಿಂದ ಕೆಲಸ ವಹಿಸ್ಕೊಳ್ಳುಕೆ ಬಂದ ಹೊಸ ಆಫೀಸರು, ಹೊರ ರಾಜ್ಯದವನು, ಒಳ್ಳೇ ಹುಡುಗ. ಕಂಪ್ಯೂಟರ್ ನೋಡಿ ಇಂಗ್ಲಿಷಿನಲ್ಲಿ ಇಲ್ಲಿ ಯಾವ ವಿಳಾಸ ಅಂತ ಕೇಳಿದ. ಮಾರ್ತಾ ಕುಂದಾಪ್ರ ಕನ್ನಡದಲ್ಲೇ, "ಗುಲಾಬಕ್ಕನ ಮನಿ" ಅಂತು. ಅವನು ನನ್ನ ಕಡೆ ತಿರುಗಿದ. ನಾನು ಬರ್ಕೊಳ್ಳಪ್ಪ ಅಂದೆ. ಬೆಂಚಿನಲ್ಲಿ ಕೂತಿದ್ದ ಗುಲಾಬಕ್ಕನಿಗೆ ಕಣ್ಣು ಮಂಜಾಗಿತ್ತು. ಮಗುವನ್ನು ತೊಡೆ ಮೇಲೆ ಕೂರಿಸ್ಕೊಂಡು ಮುಖ ಸವರಿ ನೋಡಿ ಅವರು ಕೇಳಿದ ಮೊದಲ ಮಾತು, "ಇದಕ್ಕೂ ಒಂದ್ ಖಾತಿ ಮಾಡುಕ್ ಆತ್ತಾ ಸುಮಿತ್ರಮ್ಮ?"

ಆತಿಲ್ಲೆ ಅಂತ ಹೇಳುಕೆ ನನಗೆ ಧೈರ್ಯ ಬರ್ಲಿಲ್ಲ. ಕಾಂಬ ಅಂದೆ.

ನಾನು ಕಲಿಸಿದ್ದು ಅಂತ ಏನೂ ಇಲ್ಲ ಶ್ರಾವ್ಯ, ಇವರೆಲ್ಲ ನನಗೆ ಕಲಿಸಿ ಹೋದದ್ದು. ಹೆದರಿಕೆಯ ಮನುಷ್ಯ ಬೂಟಿನೊಳಗೆ ಹೊಯ್ಗೆ ತುಂಬಿಸ್ಕೊಂಡು ನಡೆದದ್ದು, ಜಾಗದ ಆಸೆ ಇದ್ದ ಹೆಂಗಸು ಜಾಗ ಇಲ್ಲೇ ಇರತ್ತ್ ಅಂದದ್ದು. ಆ ಟೇಬಲಿನಲ್ಲಿ ಕೂತದ್ದಕ್ಕೆ ನನಗೆ ಇದೆಲ್ಲ ಕಾಂಬುಕೆ ಸಿಕ್ಕಿತು, ಅದರ ಮೇಲೆ ಸಂಬಳವನ್ನೂ ಕೊಟ್ರು. ನಿನ್ನ ಹತ್ರ ಯಾರಾದ್ರೂ ದೂರದವರು ಬಂದು ನಿಂತ್ರೆ, ಕಂಪ್ಯೂಟರು ಕೇಳುದನ್ನೆಲ್ಲ ಕೇಳು. ಆಮೇಲೆ ತಲೆ ಎತ್ತಿ, ಯಾರ ಮನೆಯಲ್ಲಿ ಉಂಬುದು ಅಂತಲೂ ಒಂದು ಕೇಳು.

ಫೋಟೋ ಮಾತ್ರ ಬಣ್ಣ ಇಲ್ಲದ್ದೇ ತರುಕೆ ಹೇಳು. ಬಣ್ಣದ್ದು ತಂದ್ರೆ ಒಂದು ನನಗೆ ಕಳಿಸು.